ಮೂವರ ಅರಿಕೆ

ಅರಸು ಹೋಗಿ ಇನ್ನೂರೈವತ್ತು ವರ್ಷದ ಮೇಲಾಯಿತು, ಆದರೆ ಅವನ ಗೂಢಚಾರರಿಗೆ ಇನ್ನೂ ಬಿಡುಗಡೆ ಸಿಕ್ಕಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಯಾರು ಬೇಡ ಅಂದರು? ಉಕ್ಕಡಕೊಪ್ಪದಲ್ಲಿ ಮಾತ್ರ ನಗಬೇಡಿ. ಅಲ್ಲಿ ಯಾರು ನೋಡುತ್ತಿರುತ್ತಾರೆ, ನೋಡಿದ್ದನ್ನು ಎಲ್ಲಿ ಹೋಗಿ ಒಪ್ಪಿಸುತ್ತಾರೆ ಎನ್ನುವುದು ಕಟ್ಟಿಕೊಂಡ ಗಂಡನಿಗೂ ತಿಳಿಯುವುದಿಲ್ಲ.

ನಿಟ್ಟೂರಿನ ಆಚೆ, ಘಟ್ಟ ಇಳಿಯುವ ಹಳೆಯ ಎತ್ತಿನ ದಾರಿಯ ಮೇಲೆ ಇಪ್ಪತ್ತೆಂಟು ಮನೆಯ ಊರು ಅದು. ನಾಯಕರ ಕಾಲದಲ್ಲಿ ಕೆಳಗಿನಿಂದ ಉಪ್ಪು ಹೇರಿಕೊಂಡು ಬರುವ ಎತ್ತುಗಳನ್ನು ತಡೆದು ಸುಂಕ ಎತ್ತುವ ಚೌಕಿ ಅಲ್ಲಿತ್ತಂತೆ. ಆ ಚೌಕಿಗೇ ಉಕ್ಕಡ ಎನ್ನುವುದು. ಈಗ ಉಳಿದಿರುವುದು ಸೂರಿಲ್ಲದ ಮೂರು ಗೋಡೆ, ನಡುವೆ ಒಂದು ಕಲ್ಲಿನ ಗದ್ದುಗೆ. ಸುತ್ತ ಮೊಣಕಾಲು ಮುಳುಗುವಷ್ಟು ದರಗು ಬಿದ್ದಿರುತ್ತದೆ, ಗದ್ದುಗೆಯ ಮೇಲೆ ಒಂದು ಎಲೆ ಇರುವುದಿಲ್ಲ. ಯಾರೂ ಗುಡಿಸುವುದಿಲ್ಲ. ಅದರ ಮೇಲೆ ಎಲೆ ಬೀಳುವುದೇ ಇಲ್ಲ.

ಪ್ರತಿ ಕಾರ್ತಿಕದಲ್ಲಿ ಆ ಖಾಲಿ ಗದ್ದುಗೆಯ ಎದುರು ಊರಿನ ಮೂವರು ಅರಿಕೆ ಮಾಡಬೇಕು. ಮೊದಲ ಸೋಮವಾರ ಒಬ್ಬರು, ಎರಡನೆಯ ಸೋಮವಾರ ಇನ್ನೊಬ್ಬರು, ಮೂರನೆಯ ಸೋಮವಾರ ಮತ್ತೊಬ್ಬರು. ಮಟಮಟ ಮಧ್ಯಾಹ್ನ, ಒಬ್ಬೊಬ್ಬರೇ. ವರ್ಷವಿಡೀ ಊರಿನಲ್ಲಿ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಬಿಡದೆ ಹೇಳಬೇಕು. ನನಗೆ ಹೀಗನ್ನಿಸಿತು ಅನ್ನಬಾರದು. ಏನನ್ನೂ ಬೇಡಬಾರದು. ಮೂವರು ಯಾರೆಂದು ಊರಿಗೆ ತಿಳಿಯಬಾರದು, ಒಬ್ಬರದು ಇನ್ನೊಬ್ಬರಿಗೂ ತಿಳಿಯಬಾರದು. ಒಬ್ಬರು ಸತ್ತರೆ ಬೇರೊಬ್ಬರ ಹೊಸ್ತಿಲ ಮೇಲೆ ಬೆಳಗಾಗುವಾಗ ಒಂದು ವೀಳ್ಯ ಇರುತ್ತದೆ, ಎರಡೆಲೆ, ಒಂದಡಿಕೆ, ಬಾಳೆನಾರಿನ ಕಟ್ಟು. ಸುಣ್ಣ ಆಗಷ್ಟೇ ಸವರಿದಂತೆ ಹಸಿಯಾಗಿರುತ್ತದೆ. ಇಟ್ಟವರನ್ನು ಈವರೆಗೆ ಯಾರೂ ನೋಡಿಲ್ಲ. ಎತ್ತಿಕೊಂಡರೆ ಕೆಲಸ ಒಪ್ಪಿಕೊಂಡಂತೆ. ಎತ್ತಿಕೊಳ್ಳದೆ ಉಳಿದವರ ಕಥೆ ಯಾರೂ ಹೇಳುವುದಿಲ್ಲ, ಹಾಗಾಗಿ ಎಲ್ಲರೂ ಎತ್ತಿಕೊಳ್ಳುತ್ತಾರೆ.

ಅರಿಕೆ ಮಾಡಿದರೆ ಏನಾಗುತ್ತದೆ? ಸಣ್ಣ ತಪ್ಪಿಗೆ ಸಣ್ಣದು ಆಗುತ್ತದೆ. ಗಡಿಕಲ್ಲನ್ನು ಎರಡು ಮಾರು ಆಚೆ ನೆಟ್ಟವನೊಬ್ಬ ಮೂರನೆಯ ಸೋಮವಾರ ಸಂಜೆ ಪೇಟೆಯಿಂದ ಹಿಂದಿರುಗುವಾಗ ತನ್ನ ಮನೆಯ ದಾರಿ ಮರೆತ. ಮೂರು ದಿನ ತನ್ನದೇ ಅಂಗಳದ ಸುತ್ತ ತಿರುಗಿದ. ಹೆಂಡತಿ ಕೂಗಿದರೂ ಕೇಳಿಸಲಿಲ್ಲ. ನಾಲ್ಕನೆಯ ದಿನ ಕಲ್ಲು ಮೊದಲಿದ್ದಲ್ಲೇ ಇತ್ತು, ಅವನೂ ಜಗುಲಿಯ ಮೇಲಿದ್ದ. ದೊಡ್ಡ ತಪ್ಪಿನ ಸಂಗತಿ ಬೇರೆ. ಕುಡಿಯುವ ಬಾವಿಗೆ ವಿಷ ಹಾಕಿ ಒಂದು ಮುದುಕಿಯನ್ನು ಕೊಂದವನಿಗೆ ಸಾಕ್ಷಿ ಇರಲಿಲ್ಲ, ಕೇಸು ಇರಲಿಲ್ಲ. ಆ ವರ್ಷ ಮೂರನೆಯ ಸೋಮವಾರದ ಸಂಜೆಯಿಂದ ಅವನ ಗಂಟಲಿಗೆ ನೀರು ಇಳಿಯದಾಯಿತು. ಬಾಯಿಗೆ ಹೊಯ್ದ ನೀರು ನಾಲಿಗೆಯ ಮೇಲೆಯೇ ಆರಿಹೋಗುತ್ತಿತ್ತಂತೆ. ಎಂಟು ದಿನ ಹಳ್ಳದಲ್ಲಿ ಕುತ್ತಿಗೆವರೆಗೆ ಕೂತು, ನೀರಡಿಸಿ ಸತ್ತ. ಇದನ್ನು ತನುಜಾಗೆ ಹೇಳಿದ್ದು ಅವಳ ತಾಯಿ ದುರ್ಗಮ್ಮ. ಅರಿಕೆ ಮಾಡಿದ ಮೂವರಲ್ಲಿ ದುರ್ಗಮ್ಮನೂ ಒಬ್ಬಳು.

ನಾಲ್ಕು ವರ್ಷದ ಹಿಂದೆ, ದುರ್ಗಮ್ಮ ಸತ್ತ ಹದಿಮೂರನೆಯ ದಿನ ಬೆಳಗ್ಗೆ ವೀಳ್ಯ ತನುಜಾಳ ಹೊಸ್ತಿಲಿಗೆ ಬಂತು. ಬರದೆ ಇರುತ್ತದೆಯೇ? ತನುಜಾ ಊರಿನ ಆಶಾ ಕಾರ್ಯಕರ್ತೆ. ಯಾರಿಗೆ ಬಸುರು ನಿಂತಿತು, ಯಾರಿಗೆ ಇಳಿಯಿತು, ಯಾರ ಮನೆಯಲ್ಲಿ ಯಾರ ಬೆನ್ನಿನ ಮೇಲೆ ಬಾಸುಂಡೆ, ಎಲ್ಲ ಅವಳಿಗೆ ಗೊತ್ತು. ಎಲ್ಲರ ಒಳಮನೆಗೂ ಚಪ್ಪಲಿ ಬಿಟ್ಟು ನೇರ ಹೋಗುವವಳು. ಹಳೆಯ ಅರಸರೇನು ದಡ್ಡರಾಗಿರಲಿಲ್ಲ, ಬಿಡಿ. ಕತ್ತಿ ಹಿಡಿದವನನ್ನು ಗೂಢಚಾರ ಮಾಡಿದರೆ ಊರು ಬಾಯಿ ಮುಚ್ಚುತ್ತದೆ. ಔಷಧಿ ಹಿಡಿದವಳೆದುರು ತಾನೇ ಬಾಯಿ ಬಿಡುತ್ತದೆ.

ಮದುವೆ ಮುರಿದು ತವರಿಗೆ ಬಂದ ಮೇಲೆ ತನುಜಾಗೆ ಇದ್ದದ್ದು ಒಬ್ಬ ತಮ್ಮ, ಯೋಗರಾಜ. ಅವಳಿಗಿಂತ ಹನ್ನೊಂದು ವರ್ಷ ಸಣ್ಣವನು. ಎತ್ತಿ ಆಡಿಸಿದ್ದು ಅವಳೇ, ಅಪ್ಪ ಹೋದ ಮೇಲೆ ಗದರಿ ಬೆಳೆಸಿದ್ದೂ ಅವಳೇ. ಸಿಟ್ಟು ಮೂಗಿನ ತುದಿಯಲ್ಲಿ, ಪ್ರೀತಿ ಹೊಟ್ಟೆಯ ತುಂಬ, ಅಂಥ ಹುಡುಗ. ಈ ವರ್ಷ ಆಶ್ವೀಜದಲ್ಲಿ ಅವನ ಭತ್ತ ತೆನೆ ಒಡೆದಾಗ ಕಾಡುಹಂದಿ ಮೂರು ರಾತ್ರಿ ಬಂದು ಅರ್ಧ ಗದ್ದೆ ಉತ್ತು ಹಾಕಿ ಹೋದವು. ನಾಲ್ಕನೆಯ ದಿನ ಅವನು ಕಂಬದಿಂದ ತಂತಿ ಎಳೆದು ಬೇಲಿಗೆ ಕರೆಂಟು ಕೊಟ್ಟ. ಅಕ್ಕನಿಗೂ ಹೇಳಲಿಲ್ಲ.

ಆ ತಂತಿಗೆ ಸಿಕ್ಕಿದ್ದು ಹಂದಿಯಲ್ಲ. ಪಕ್ಕದ ಗದ್ದೆಯ ಕನ್ನಪ್ಪನ ಹೆಂಡತಿ ಸುಷ್ಮಾ, ನಸುಕಿನಲ್ಲಿ ಹುಲ್ಲು ಕೊಯ್ಯಲು ಹೋದವಳು, ಬೇಲಿಯ ಬುಡದಲ್ಲಿ ಕತ್ತಿ ಹಿಡಿದುಕೊಂಡೇ ಬಿದ್ದಿದ್ದಳು.

ಯೋಗರಾಜ ಮನೆಗೆ ಓಡಿ ಬಂದಾಗ ಅವನ ಬಲ ಅಂಗೈ ಅಡ್ಡಕ್ಕೆ ಸುಟ್ಟು ಬೆಳ್ಳಗಾಗಿತ್ತು. ಕರೆಂಟು ತೆಗೆಯಬೇಕೆಂಬ ಬುದ್ಧಿಯೂ ಇಲ್ಲದೆ ಮೊದಲು ಬರಿಗೈಯಲ್ಲಿ ಅವಳನ್ನು ಬಿಡಿಸಲು ನೋಡಿದ್ದ. "ಅಕ್ಕಾ, ಸತ್ ಹೋಗಿದಾಳೆ ಅಕ್ಕಾ. ನನ್ ಟವಲ್ ಮುಖದ್ ಮೇಲೆ ಹಾಕಿದ್ದೆ, ಆಮೇಲೆ ತೆಗೆದೆ. ತಂತಿ ಸುತ್ತಿ ಹಳ್ಳಕ್ ಎಸೆದೆ" ಎಂದು ನಡುಗಿದ. ತನುಜಾ ಬೋಗುಣಿಯಲ್ಲಿ ತಣ್ಣೀರು ತಂದು ಅವನ ಕೈ ಅದ್ದಿದಳು, ಮುಲಾಮು ಹಚ್ಚಿದಳು, ಬಟ್ಟೆ ಸುತ್ತಿದಳು. ಯಾರಾದರೂ ಕೇಳಿದರೆ ಕಷಾಯದ ಪಾತ್ರೆ ಕೈಮೇಲೆ ಬಿತ್ತು ಅನ್ನು ಎಂದಳು. ಕನ್ನಪ್ಪ ಅಂದು ಊರಿನಲ್ಲಿರಲಿಲ್ಲ. ದಸರಾ ರಜೆಗೆ ಏಳು ವರ್ಷದ ಮಗಳು ಮೇಘನಾಳನ್ನು ಕರೆದುಕೊಂಡು ಜೋಗದ ಷಡ್ಡಕನ ಮನೆಗೆ ಹೋಗಿದ್ದ. ಫೋನು ಹೋಗಿ, ಮಧ್ಯಾಹ್ನದ ಬಸ್ಸಿಗೆ ಬಂದು ಇಳಿದವನು ಅಂಗಳದಲ್ಲಿ ಹೆಣ ನೋಡಿ ಮಗಳ ಕಣ್ಣನ್ನು ಕೈಯಿಂದ ಮುಚ್ಚಿದ. ಆಮೇಲೆ ತನ್ನ ಕಣ್ಣು ಮುಚ್ಚಲು ಕೈ ಇಲ್ಲದೆ ಹಾಗೇ ನಿಂತ.

ಕರೆಂಟಿನಿಂದ ಸಾವು ಎಂದು ಡಾಕ್ಟರು ಬರೆದರು. ತಂತಿ ಸಿಗಲಿಲ್ಲ, ಹಾಕಿದವರೂ ಸಿಗಲಿಲ್ಲ.

ಯೋಗರಾಜನಿಗೆ ಅನ್ನ ಸೇರದಾಯಿತು. "ಕನ್ನಪ್ಪಣ್ಣನ್ ಹತ್ರ ಹೋಗಿ ಕಾಲ್ ಹಿಡೀತೀನಿ ಅಕ್ಕ. ಸ್ಟೇಷನ್ನಿಗೂ ಹೋಗ್ತೀನಿ. ಎಷ್ಟ್ ವರ್ಷ ಹಾಕ್ತಾರೋ ಹಾಕ್ಲಿ" ಎನ್ನುತ್ತಿದ್ದ. ತನುಜಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು, ತಾಯಿಯ ಆಣೆ ಹಾಕಿದಳು. ಜೈಲಿನ ಹೆದರಿಕೆಯಲ್ಲ ಅವಳದು. ಜೈಲಿಗೆ ಹೋದವರು ಒಂದು ದಿನ ಹಿಂದಕ್ಕೆ ಬರುತ್ತಾರೆ. ಕಾರ್ತಿಕಕ್ಕೆ ಹದಿನೆಂಟು ದಿನ ಉಳಿದಿತ್ತು. ತನ್ನ ತಮ್ಮನ ಹೆಸರನ್ನು ಆ ಗದ್ದುಗೆಗೆ ತಾನೇ ಒಪ್ಪಿಸಬೇಕು. ಒಪ್ಪಿಸಿದರೆ ಅವನಿಗೆ ಏನಾಗುತ್ತದೋ! ನೀರು ಇಳಿಯದೆ ಸತ್ತವನ ನಾಲಿಗೆಯನ್ನು ನೆನೆದು ಅವಳು ಅನ್ನದ ತಟ್ಟೆಯ ಮುಂದೆ ಕೂತು ಅತ್ತಳು.

ಆ ವಾರ ಬಿಪಿ ನೋಡಲು ಕೃಷ್ಣಪ್ರಸಾದ ಮಾಸ್ತರ ಮನೆಗೆ ಹೋಗಬೇಕಿತ್ತು. ಸಾಗರದ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಮಾತಿಗೆ ಜನ ಸಿಕ್ಕದೆ ಬೇಸತ್ತವರು. ಕಂಡೊಡನೆ ಒಳಗಿದ್ದ ಹೆಂಡತಿಗೆ, "ವನಮಾಲಾ, ತನುಜಾ ಬೈಂದು, ಕಷಾಯ ಮಾಡು" ಎಂದು ಕೂಗಿ ತೋಳು ಚಾಚಿ ಕೂತರು. ತನುಜಾ ಪಟ್ಟಿ ಸುತ್ತುತ್ತಾ, ಬೇರೆ ಯಾವುದೋ ಮಾತಿನ ನಡುವೆ ಎಂಬಂತೆ, "ಸಾರ್, ಹಿಂದಿನ ರಾಜರು ಗೂಢಚಾರರ ಮಾತನ್ನ ಹೆಂಗೆ ನಂಬ್ತಿದ್ರು?" ಎಂದಳು.

ಮಾಸ್ತರ ಮುಖ ಅರಳಿತು. "ನೋಡಮ್ಮ, ನಮ್ಮ ಪ್ರಾಚೀನರ ರಾಜನೀತಿಯಲ್ಲಿ ಅದಕ್ಕೊಂದು ಲೆಕ್ಕ ಇದೆ. ಅರಸ ಎಲ್ಲ ಕಡೆ ಇರೋಕಾಗಲ್ಲ, ಅದಕ್ಕೆ ಗೂಢಚಾರರೇ ಅವನ ಕಣ್ಣು. ಸನ್ಯಾಸಿ, ವ್ಯಾಪಾರಿ, ಭಿಕ್ಷುಕಿ, ಸೂಲಗಿತ್ತಿ, ಎಲ್ಲ ವೇಷದಲ್ಲೂ ಇರ್ತಾರೆ. ಒಬ್ಬ ಹೇಳಿದ್ದನ್ನ ನಂಬಬಾರದು. ಒಬ್ಬರನ್ನೊಬ್ಬರು ಅರಿಯದ ಮೂವರು ಬೇರೆಬೇರೆಯಾಗಿ ಬಂದು ಒಂದೇ ಮಾತು ಹೇಳಿದ್ರೆ ಮಾತ್ರ ಅದು ನಿಜ."

"ಒಬ್ಬರದು ಬೇರೆ ಆದ್ರೆ?"

"ಮತ್ತೆ ಮತ್ತೆ ಬೇರೆ ಆದ್ರೆ ಆ ಕಣ್ಣು ಕೆಟ್ಟಿದೆ ಅಂತ ಅರ್ಥ. ಅದಕ್ಕೆ ಸದ್ದಿಲ್ಲದ ದಂಡ. ಯಾರಿಗೂ ತಿಳಿಯದ ಹಾಗೆ ಮುಗಿಸಿಬಿಡೋದು."

ತನುಜಾ ಪಂಪು ಒತ್ತುವುದನ್ನು ನಿಲ್ಲಿಸಿದ್ದಳು. "ಮೂವರೂ ಸೇರಿ ಒಂದೇ ಸುಳ್ಳು ಹೇಳಿದ್ರೆ ಸಾರ್?"

ಮಾಸ್ತರು ಗಹಗಹಿಸಿ ನಕ್ಕರು. "ಭಲೇ! ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ, ಒಬ್ಬ ಹುಡುಗನೂ ಇದನ್ನ ಕೇಳಲಿಲ್ಲ. ಹಾಗಾದ್ರೆ ಅದೇ ನಿಜ ಆಗ್ತದೆ ಕಣಮ್ಮ. ಅರಸನಿಗೆ ಬೇರೆ ಕಣ್ಣು ಎಲ್ಲಿದೆ?"

ಬಿಪಿ ಎಷ್ಟಿತ್ತೆಂದು ಅವಳು ಬರೆದುಕೊಳ್ಳಲೇ ಇಲ್ಲ.

ಉಳಿದ ಇಬ್ಬರು ಯಾರೆಂದು ಅವಳಿಗೆ ಗೊತ್ತಿತ್ತು. ಗೊತ್ತಿರಬಾರದು, ಆದರೆ ಮನೆಮನೆ ತಿರುಗುವವಳಿಗೆ ಗೊತ್ತಾಗದೆ ಇರುತ್ತದೆಯೇ? ಹಿಂದಿನ ವರ್ಷ ಮೊದಲ ಸೋಮವಾರ ಮಧ್ಯಾಹ್ನ ಹಾಲು ಸಂಗ್ರಹಿಸುವ ಜಟ್ಟಿಂಗಪ್ಪ ಕ್ಯಾನಿಲ್ಲದೆ, ಒಗೆದ ಪಂಚೆ ಉಟ್ಟು ಉಕ್ಕಡದ ದಾರಿಯಿಂದ ಇಳಿದು ಬಂದದ್ದನ್ನು ಕಂಡಿದ್ದಳು. ಎರಡನೆಯ ಸೋಮವಾರ ಹಳೆಯ ಸೂಲಗಿತ್ತಿ ಮೂಕಮ್ಮನ ಕಾಲಿಗೆ ಅಂಟಿದ್ದ ದರಗನ್ನು ತಾನೇ ಬಿಡಿಸಿದ್ದಳು. ಇಬ್ಬರೂ ಊರಿನ ಪ್ರತಿ ಮನೆಯ ಹಿತ್ತಿಲು ಕಂಡವರು. ಯೋಗರಾಜನ ಕೈಗೆ ಸುತ್ತಿದ ಬಟ್ಟೆಯನ್ನೂ ಕಂಡಿದ್ದರು, ಕಷಾಯದ ಕಥೆಯನ್ನು ಇಬ್ಬರೂ ನಂಬಿರಲಿಲ್ಲ.

ಮೊದಲು ಮೂಕಮ್ಮನಲ್ಲಿಗೆ ಹೋದಳು. ಹೋದ ವರ್ಷ ಮಳೆಗಾಲದಲ್ಲಿ ರಸ್ತೆ ಕುಸಿದಾಗ, ಉಸಿರು ಕಟ್ಟಿದ್ದ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಮೈಲಿ ನಡೆದು ಆಸ್ಪತ್ರೆ ಮುಟ್ಟಿಸಿದವನು ಯೋಗರಾಜ. ತನುಜಾ ಅದನ್ನು ನೆನಪು ಮಾಡಲೂ ಬೇಕಾಗಲಿಲ್ಲ. ಮುದುಕಿ ತಾನೇ ಅತ್ತಳು. "ಎಂತ ಹೇಳ್ಲಿ ಹೇಳೆ ಮಗಾ. ಆ ಗಂಡ್ನ ಈ ಕೈಯಾಗೆ ಹೆರಿಗೆ ಮಾಡಿಸ್ದೋಳು ನಾನು."

ಜಟ್ಟಿಂಗಪ್ಪನ ಬಳಿ ಅಳು ನಡೆಯುವುದಿಲ್ಲ. "ಹ್ವಾಯ್, ಗದ್ದುಗೆ ಹತ್ರ ಸುಳ್ಳಾ? ನಂಗೇನ್ ತಲೆ ಕೆಟ್ಟಿದ್ಯನೇ ಮಾರಾಯ್ತಿ?" ಎಂದ. ಡೈರಿಗೆ ಹೋಗುವ ಮುನ್ನ ಹಳ್ಳದ ಬಳಿ ಅವನ ಸ್ಕೂಟರು ಯಾಕೆ ನಿಲ್ಲುತ್ತದೆ, ಹಾಲಿನ ಕ್ಯಾನಿಗೆ ಏನು ಸೇರುತ್ತದೆ ಎಂಬುದನ್ನು ನಾಲ್ಕು ವರ್ಷದಿಂದ ಕಂಡಿದ್ದೇನೆ, ಒಂದು ವರ್ಷವೂ ಅರಿಕೆಯಲ್ಲಿ ಹೇಳಿಲ್ಲ, ಈ ವರ್ಷ ಹೇಳಬೇಕೋ ಬೇಡವೋ ನೀವೇ ಹೇಳಿ ಎಂದಳು ತನುಜಾ. ಜಟ್ಟಿಂಗಪ್ಪ ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಉಜ್ಜಿದ. "ಯಾರ್ ಹೆಸ್ರು ಹೇಳ್ಬೇಕು?" ಎಂದು ಕೊನೆಗೆ ಕೇಳಿದ.

"ಯಾರದ್ದೂ ಬೇಡ. ತಂತಿ ಬೇಲಿಯಿಂದ ಆಚೆ ಇತ್ತು ಅನ್ನಿ, ಕನ್ನಪ್ಪನ ಗದ್ದೆ ಕಡೆ. ಅಷ್ಟೇ ಸಾಕು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಬುದ್ಧಿ ಅವಳದು. ಸತ್ತದ್ದು ಕನ್ನಪ್ಪನ ಹೆಂಡತಿ. ತನ್ನ ಹೆಂಡತಿಯ ಸಾವಿಗೆ ಗಂಡನಿಗೆ ಯಾರು ದಂಡ ಹಾಕುತ್ತಾರೆ? ಆಕಸ್ಮಿಕ ಎಂದು ಗದ್ದುಗೆ ಬಿಟ್ಟೀತು, ತಾಲ್ಲೂಕಾಫೀಸಿನಲ್ಲಿ ಹೆಸರಿಲ್ಲದ ಅರ್ಜಿಯನ್ನು ಪಕ್ಕಕ್ಕೆ ಇಟ್ಟಂತೆ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಅರ್ಜಿ ಕೊಟ್ಟು ಕೊಟ್ಟು ಬೆಳೆದ ನಮ್ಮಂಥವರಿಗೆ ಬರುವ ಬುದ್ಧಿಯೇ ಅದು, ಹೆಸರು ಬರೆಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ ಎನ್ನುವುದು.

ಮೊದಲ ಸೋಮವಾರ ಕಳೆಯಿತು. ಎರಡನೆಯದೂ ಕಳೆಯಿತು. ಮೂರನೆಯ ಸೋಮವಾರ ತನುಜಾ ತಲೆಗೆ ನೀರು ಹಾಕಿಕೊಂಡು, ಬರಿಗಾಲಿನಲ್ಲಿ ಉಕ್ಕಡಕ್ಕೆ ಏರಿದಳು.

ಕಾಡು ಜೀರುಂಡೆಯ ಸದ್ದಿನಿಂದ ಕಿವಿ ಕೊರೆಯುತ್ತಿತ್ತು. ಗೋಡೆಯೊಳಗೆ ಕಾಲಿಟ್ಟದ್ದೇ ಸದ್ದು ನಿಂತಿತು. ಬಿಸಿಲು ಗದ್ದುಗೆಯ ಮೇಲೆ ನೇರವಾಗಿ ಬೀಳುತ್ತಿತ್ತು, ಹತ್ತಿರ ಮರದ ಕೊಂಬೆಯೂ ಇರಲಿಲ್ಲ. ಅವಳು ಕೈಮುಗಿದು, "ಕಂಡದ್ದು ಅರಿಕೆ, ಕೇಳಿದ್ದು ಅರಿಕೆ" ಎಂದು ಶುರು ಮಾಡಿದಾಗ, ಪ್ರತಿ ವರ್ಷದಂತೆ, ಗದ್ದುಗೆಯ ಕಲ್ಲಿನ ಮೇಲೆ ನೆರಳೊಂದು ಮೂಡಿ ಕೂತಿತು. ಆ ನೆರಳು ಬೀಳಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಹಸಿ ಎಲೆ, ಸುಣ್ಣದ ವಾಸನೆ ಬಂತು.

ಅವಳು ವರ್ಷದ ಸಂಗತಿಗಳನ್ನೆಲ್ಲ ಹೇಳಿದಳು. ಯಾರು ಮೀಸಲು ಕಾಡಿನ ಮರ ಕಡಿದರು, ಯಾರು ತಾಯಿಗೆ ಊಟ ಹಾಕಲಿಲ್ಲ, ಯಾರ ನೀರಿನ ಪಾಳಿಯನ್ನು ಯಾರು ಕದ್ದರು. ನೆರಳು ಅಲುಗಲಿಲ್ಲ. ಕೊನೆಗೆ, "ಸುಷ್ಮಾ ತಂತಿ ತಾಗಿ ಸತ್ತಳು. ತಂತಿ ಬೇಲಿಯಿಂದ ಆಚೆ ಇತ್ತು, ಕನ್ನಪ್ಪನ ಗದ್ದೆ ಕಡೆ" ಎಂದಳು.

ನೆರಳು ಮುಂದಕ್ಕೆ ಬಾಗಿತು. ಕಿವಿ ಮಂದವಾದ ಹಿರಿಯರು ಇನ್ನೊಮ್ಮೆ ಹೇಳು ಎನ್ನುವಾಗ ಬಾಗುತ್ತಾರಲ್ಲ, ಹಾಗೆ. ಈಗಲೂ ತಿದ್ದಿ ಹೇಳಬಹುದಿತ್ತು. ಅವಳಿಗೆ ಅದು ಗೊತ್ತಿತ್ತು. ಕಾಯುತ್ತಿರುವುದೂ ಅದಕ್ಕೇ ಎಂದು ಗೊತ್ತಿತ್ತು. ಬೋಗುಣಿಯ ನೀರಿನಲ್ಲಿ ನಡುಗುತ್ತಿದ್ದ ತಮ್ಮನ ಕೈ ಕಣ್ಣ ಮುಂದೆ ಬಂತು.

"ಕನ್ನಪ್ಪನ ಗದ್ದೆ ಕಡೆ" ಎಂದಳು ಮತ್ತೆ.

ನೆರಳು ಹಿಂದಕ್ಕೆ ಒರಗಿತು. ಆಮೇಲೆ ಕಲ್ಲಿನ ಮೇಲೆ ಬರೀ ಬಿಸಿಲಿತ್ತು, ಜೀರುಂಡೆಗಳು ಮತ್ತೆ ಕೂಗಲು ಹಿಡಿದವು. ಅವಳು ಬಿದ್ದು ಎದ್ದು ಇಳಿದು ಬಂದಳು.

ಅಂಗಳದಲ್ಲಿ ಯೋಗರಾಜ ಸೌದೆ ಒಡೆಯುತ್ತಿದ್ದ. ಎರಡೂ ಕೈಯಿಂದ ಕೊಡಲಿ ಹಿಡಿದು, ಸಿಳ್ಳೆ ಹಾಕುತ್ತಾ. ಅವಳು ಓಡಿಹೋಗಿ ಅವನ ಬಲಗೈ ಹಿಡಿದು ತಿರುಗಿಸಿದಳು. ಬಟ್ಟೆ ಇರಲಿಲ್ಲ. ಗಾಯವೂ ಇರಲಿಲ್ಲ, ಗಾಯದ ಕಲೆಯೂ ಇರಲಿಲ್ಲ. ಕೊಡಲಿ ಹಿಡಿದ ಹಳೆಯ ಜಡ್ಡು ಮಾತ್ರ ಇತ್ತು.

"ಎಂತ ಅಕ್ಕ, ಕೈ ನೋಡಿ ಭವಿಷ್ಯ ಹೇಳ್ತ್ಯಾ?" ಎಂದು ನಕ್ಕ. ಒಂದು ತಿಂಗಳಿಂದ ನಗದವನು. ಆಮೇಲೆ ಮುಖ ಗಂಭೀರ ಮಾಡಿ, "ಸುದ್ದಿ ಕೇಳಿದ್ಯಾ? ಆ ಪಾಪಿ ಕನ್ನಪ್ಪಣ್ಣ ತಾನೇ ತಂತಿ ಹಾಕಿದ್ನಂತೆ. ಹಂದಿಗೆ ಅಂತ ಹಾಕಿ ಹೆಂಡ್ತಿನ ಕೊಂದು, ಇಷ್ಟ್ ದಿನ ಬಾಯ್ ಮುಚ್ಚಿಕೊಂಡಿದ್ದ ನೋಡು. ಥೂ, ಮನುಷ್ಯನಾ ಅವ್ನು!" ಎಂದು ಉಗಿದ.

ತನುಜಾ ಅವನ ಕಣ್ಣನ್ನೇ ನೋಡಿದಳು. ನಟನೆ ಇರಲಿಲ್ಲ. ಅಲ್ಲಿ ಏನೂ ಇರಲಿಲ್ಲ.

ಔಷಧಿಯ ಚೀಲ ಹಿಡಿದು ಕನ್ನಪ್ಪನ ಮನೆಗೆ ಓಡಿದಳು. ಅವನು ಜಗುಲಿಯ ಕಂಬಕ್ಕೆ ಒರಗಿ, ಬಲ ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕೂತಿದ್ದ. ಅಂಗೈಗೆ ಅಡ್ಡಲಾಗಿ ಸುಟ್ಟ ಗಾಯ, ಒಂದು ತಿಂಗಳ ಹಿಂದಿನದು, ಅಂಚಿನಲ್ಲಿ ಒಣಗಿ ಎದ್ದ ಚರ್ಮ. ಮೊನ್ನೆ ತಾನು ಯೋಗರಾಜನ ಕೈಯಲ್ಲಿ ಕತ್ತರಿಸಿದ ಆ ತುಣುಕು ಚರ್ಮ ಇಲ್ಲೂ ಅಷ್ಟೇ ಓರೆಯಾಗಿ ಕತ್ತರಿಸಿದಂತಿತ್ತು.

"ಬರಿಗೈಯಾಗೆ ಬಿಡಿಸಕ್ ಹೋದೆ ತನುಜಕ್ಕ. ಕರೆಂಟ್ ತೆಗೀಬೇಕು ಅನ್ನೋ ಬುದ್ಧಿನೂ ಬರ್ಲಿಲ್ಲ" ಎಂದ ಕನ್ನಪ್ಪ. "ಟವಲ್ ಮುಖದ್ ಮೇಲೆ ಹಾಕ್ದೆ, ಆಮೇಲೆ ತೆಗೆದೆ. ತಂತಿ ಸುತ್ತಿ ಹಳ್ಳಕ್ ಎಸೆದೆ."

ಅವಳ ತಮ್ಮನ ಮಾತು. ಒಂದಕ್ಷರ ಬಿಡದೆ.

"ನೀನಲ್ಲ ಕನ್ನಪ್ಪ! ನೀನು ಊರಲ್ಲೇ ಇರ್ಲಿಲ್ಲ ಮಾರಾಯ. ಜೋಗದಲ್ಲಿದ್ದೆ, ಮಗಳ್ ಜೊತೆ" ಎಂದು ಅವನ ಭುಜ ಹಿಡಿದು ಅಲುಗಾಡಿಸಿದಳು. ಅವನು ಅವಳನ್ನು ಕರುಣೆಯಿಂದ ನೋಡಿದ. "ನನ್ನ ಉಳಿಸಕ್ ಅಂತ ಸುಳ್ ಹೇಳ್ಬೇಡಿ ತನುಜಕ್ಕ. ಮಗಳನ್ನ ಬಿಟ್ಟು ರಾತ್ರಿನೇ ವಾಪಸ್ ಬಂದಿದ್ದೆ" ಎಂದು ಕೈ ತೋರಿಸಿದ. ಅವಳು ಜೋಗದ ಷಡ್ಡಕನಿಗೆ ಫೋನು ಮಾಡಿದಳು. ಊಟ ಮುಗಿಸಿ ಎದ್ದು ಹೋದ, ಎಷ್ಟು ಹೇಳಿದರೂ ನಿಲ್ಲಲಿಲ್ಲ ಎಂದ ಅವನು. ಮೂಕಮ್ಮನ ಮನೆಗೆ ಹೋದಳು. "ಇದ್ದದ್ನ ಇದ್ದಂಗೆ ಹೇಳಿದೀವಿ, ಅದ್ರಾಗೆ ಎಂತ ಸುಳ್ಳು ಮಗಾ?" ಎಂದು ಮುದುಕಿ ಪಿಳಿಪಿಳಿ ನೋಡಿದಳು. ಜಟ್ಟಿಂಗಪ್ಪ, ಅರಿಕೆಯ ಮಾತನ್ನು ಬೀದಿಯಲ್ಲಿ ಆಡಬೇಡ ಎಂದು ಗದರಿದ. ಹಾಲಿಗೆ ನೀರು ಹಾಕಿದ್ದು ಅವನಿಗೆ ನೆನಪಿತ್ತು. ಅವಳು ಬಂದು ಹೆದರಿಸಿದ್ದು ನೆನಪಿರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಮತ್ತೆ ಉಕ್ಕಡಕ್ಕೆ ಹೋಗಿ, ಯೋಗರಾಜ, ಯೋಗರಾಜ ಎಂದು ಗಂಟಲು ಹರಿಯುವಂತೆ ಕೂಗಿದಳು. ಕಲ್ಲು ಕಲ್ಲಾಗಿಯೇ ಇತ್ತು. ಜೀರುಂಡೆ ಕೂಡ ನಿಲ್ಲಿಸಲಿಲ್ಲ. ಅಲ್ಲಿಂದ ಠಾಣೆಗೆ ಹೋದಳು. ಬರೆದುಕೊಂಡವರು ಒಳ್ಳೆಯವರೇ.  ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, ಬರೆದು, ಓದಿ ಹೇಳಿದರು. ಅವಳು ಯೋಗರಾಜ ಎಂದಲ್ಲೆಲ್ಲ ಹಾಳೆಯಲ್ಲಿ ಕನ್ನಪ್ಪ ಎಂದಿತ್ತು. ಮೂರು ಸಲ ಹೇಳಿದಳು, ಮೂರು ಸಲವೂ ಹಾಗೇ. ಕೊನೆಗೆ ಪೆನ್ನು ಕಿತ್ತುಕೊಂಡು ತಾನೇ ಬರೆದಳು. ತನ್ನ ಅಕ್ಷರದಲ್ಲಿ ಕನ್ನಪ್ಪನ ಹೆಸರು ಕಂಡು ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು.

ಕೆಟ್ಟ ಕಣ್ಣಿಗೆ ಸದ್ದಿಲ್ಲದ ದಂಡ ಎಂದಿದ್ದರು ಮಾಸ್ತರು. ಕಣ್ಣು ಕೀಳುತ್ತಾರೆ ಎಂದುಕೊಂಡಿದ್ದಳು ಅವಳು. ಊರೆಲ್ಲ ಮರೆತದ್ದನ್ನು ಒಬ್ಬಳೇ ನೋಡುತ್ತಿರು ಎಂದು ಕಣ್ಣು ತೆರೆದೇ ಇಟ್ಟಿದ್ದರು.

ಕನ್ನಪ್ಪ ತಾನೇ ಹೋಗಿ ಶರಣಾದ. ಜೀಪು ಹತ್ತುವಾಗ ಊರಿನವರು ಉಗಿದರು. ಎಲ್ಲರಿಗಿಂತ ಮುಂದೆ ನಿಂತು ಉಗಿದವನು ಯೋಗರಾಜ. ಆದರೆ ಜೀಪು ಹೋದ ಮೇಲೆ ಅವನೇ ಆ ಮನೆಯ ಕತ್ತಲ ಮೂಲೆಯಿಂದ ಮೇಘನಾಳನ್ನು ಎತ್ತಿಕೊಂಡು ಬಂದ. "ಜೋಗದೋರೂ ಕರ್ಕೊಳ್ಳಲ್ಲ ಅಂದ್ರಂತೆ, ಈ ಕೂಸಿಗೆ ಯಾರೂ ಇಲ್ಲ ಅಕ್ಕ. ಅಪ್ಪ ಮಾಡಿದ್ದಕ್ಕೆ ಮಗೂ ಎಂತ ಮಾಡ್ತದೆ? ನಾವೇ ಸಾಕ್ವ" ಎಂದ. ಅಂಥ ಹುಡುಗ ಅವನು. ತನುಜಾ ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮೇಘನಾ ಯೋಗರಾಜನನ್ನು ಬಿಟ್ಟಿರುತ್ತಿರಲಿಲ್ಲ. ಅವನ ತಟ್ಟೆಯಲ್ಲೇ ಊಟ, ಅವನ ಹೆಗಲ ಮೇಲೇ ಶಾಲೆಯ ದಾರಿ. ತನುಜಾ ಮಾತ್ರ ಮಗುವಿನ ಕಣ್ಣಿಗೆ ಕಣ್ಣು ಕೊಡಲಾರದೆ ಬೆನ್ನ ಹಿಂದಿನಿಂದಲೇ ತಲೆ ಬಾಚುತ್ತಿದ್ದಳು.

ಮಾರ್ಗಶಿರದ ಒಂದು ಭಾನುವಾರ ಬೆಳಗ್ಗೆ ಹಾಗೆ ಬಾಚುತ್ತಿರುವಾಗ ಮಗು, "ಅತ್ತೆ, ನಂಗೊಂದು ಅನ್ಸ್ತದೆ, ಹೇಳ್ಲಾ?" ಎಂದಿತು.

"ಹೇಳು ಪುಟ್ಟಿ."

"ಆವತ್ ರಾತ್ರಿ ಜೋಗದಾಗೆ ಅಪ್ಪ ನನ್ ಪಕ್ಕನೇ ಮಲ್ಗಿದ್ದ. ಅವನ್ ಕೈ ಮೇಲೆ ನನ್ ತಲೆ ಇತ್ತು. ಬೆಳಿಗ್ಗೆ ಎದ್ದಾಗ್ಲೂ ಇತ್ತು." ಮಗು ಜಡೆಯ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಿತು. "ಚಿಕ್ಕಮ್ಮ ಅದು ಕನಸು ಅಂದ್ರು. ಅಪ್ಪನೂ ಕನಸು ಅಂದ. ಕನಸಾ ಅತ್ತೆ?"

ತನುಜಾಳ ಕೈ ನಿಂತಿತು. ಇಷ್ಟು ದಿನ ಒಬ್ಬಳೇ ಹೊತ್ತದ್ದನ್ನು ಇನ್ನೊಬ್ಬರು ಹೊತ್ತಿದ್ದಾರೆ! ಇಬ್ಬರಾದರು. ಈ ಮಗುವನ್ನು ಕರೆದುಕೊಂಡು ಹೋಗಿ ಕನ್ನಪ್ಪನ ಎದುರು ಕೂರಿಸಿ, ನಿನ್ನ ತೋಳಿನ ಮೇಲೆ ಮಲಗಿದ್ದೆ ಎಂದು ಇದರ ಬಾಯಿಂದಲೇ ಹೇಳಿಸಿದರೆ, ಅವನ ತೋಳಿಗೆ ಆ ಭಾರ ನೆನಪಾಗದೆ ಇರುತ್ತದೆಯೇ? ಆಗ ಮೂವರು. ಒಂದೇ ಮಾತು ಹೇಳುವ ಮೂವರು. ಇಲ್ಲ ಪುಟ್ಟಿ, ಕನಸಲ್ಲ ಎಂದರೆ ಸಾಕಿತ್ತು.

ಅಂಗಳದಲ್ಲಿ ಯೋಗರಾಜ ಹಲಸಿನ ಕೊಂಬೆಗೆ ಹಗ್ಗ ಕಟ್ಟಿ ಜೋಕಾಲಿ ಮಾಡುತ್ತಿದ್ದ. ಗಟ್ಟಿಯಿದೆಯೋ ಎಂದು ತಾನೇ ಕೂತು ಜೀಕಿ, "ಬಾರೇ ಮೇಘಿ, ಬೇಗ! ಇಲ್ದಿದ್ರೆ ನಾನೇ ಆಡ್ತೀನಿ ನೋಡು" ಎಂದು ಕೂಗಿದ. ಅವನ ಎರಡೂ ಅಂಗೈ ಹಗ್ಗದ ಮೇಲೆ ಬಿಗಿಯಾಗಿದ್ದವು. ಬೆಳಗಿನ ಬಿಸಿಲು ಮುಖದ ಮೇಲಿತ್ತು. ಇಳಿದು, ಕೊಡದಿಂದ ನೀರೆತ್ತಿ ಗಟಗಟ ಕುಡಿದ.

ತನುಜಾ ಅವನು ನೀರು ನುಂಗುವುದನ್ನು ನೋಡಿದಳು.

"ಕನಸು ಪುಟ್ಟಿ" ಎಂದಳು.

ಮಗು ತಲೆಯಾಡಿಸಿತು. ಅದರ ಭುಜ ಸಡಿಲವಾಯಿತು. ಇನ್ನು ಕೇಳಲಿಲ್ಲ. ತನುಜಾ ಜಡೆ ಹೆಣೆಯುತ್ತಾ ಆ ಬೆಳಗನ್ನು, ಬೋಗುಣಿಯ ತಣ್ಣೀರನ್ನು, ಅದರಲ್ಲಿ ನಡುಗುತ್ತಿದ್ದ ಕೈಯನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ನೀರು ನೆನಪಾಯಿತು, ಮುಲಾಮಿನ ವಾಸನೆ ನೆನಪಾಯಿತು. ಕೈ ಹಿಡಿದು ಮೇಲೆ ನೋಡಿದಾಗ ಕಂಡದ್ದು ಕನ್ನಪ್ಪನ ಮುಖ. ಹೌದು, ನಸುಕಿನಲ್ಲಿ ಬಾಗಿಲು ಬಡಿದು ಬಂದವನು ಅವನೇ ಅಲ್ಲವೇ. ಪಾಪಿ, ಅಂಥ ಹೆಂಡತಿಯನ್ನು ಕೊಂದುಕೊಂಡ.

ಎಷ್ಟೋ ದಿನದ ಮೇಲೆ ಎದೆ ಹಗುರಾಗಿ ಅವಳಿಗೆ ದೊಡ್ಡದೊಂದು ಉಸಿರು ಬಂತು. ಮಗುವಿನ ಮುಖವನ್ನು ತನ್ನ ಕಡೆ ತಿರುಗಿಸಿ, ಕಣ್ಣಿಗೆ ಕಣ್ಣಿಟ್ಟು ನೋಡಿ, ಕೆನ್ನೆಗೆ ಮುತ್ತು ಕೊಟ್ಟಳು.

"ಹೋಗು, ಮಾಮ ಕರೀತಿದಾನೆ ನೋಡು" ಎಂದಳು.